ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು

ಕಳೆದ ವಾರ ಕಾರವಾರದ ಬೈತಖೋಲ ಬಂದರಿಗೆ ಹೋಗಿದ್ದೆ. ಬೋಟಿನ ಮಾಲಕರೊಬ್ಬರಿಗೆ ಹೆಸರಿನ ಹಲಗೆ ಮುಟ್ಟಿಸುವುದಿತ್ತು. ಮೀನುಗಾರಿಕೆ ಬಂದ್ ಆಗಲು ಎರಡು ವಾರ ಉಳಿದಿರುವಾಗ ಬಂದರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ಮೂಲೆಯಲ್ಲಿ, ದಡಕ್ಕೆ ಎಳೆದಿಟ್ಟ ಹಳೆಯ ಮರದ ದೋಣಿಗೆ ಮುದುಕರೊಬ್ಬರು ಮೀನೆಣ್ಣೆ ಬಳಿಯುತ್ತ ಕೂತಿದ್ದರು. ಈಗ ಹೆಚ್ಚಿನವರದ್ದು ಫೈಬರ್ ದೋಣಿ. ಅದಕ್ಕೆ ಎಣ್ಣೆ ಬೇಕಾಗಿಲ್ಲ, ಹಾಗಾಗಿ ಆ ವಾಸನೆ ನನ್ನ ಮೂಗಿಗೆ ಬೀಳದೆ ಬಹಳ ಕಾಲವಾಗಿತ್ತು. ಬಿಸಿಲಿಗೆ ಕಾದ ಮರ, ಅದರ ಮೇಲೆ ತಾರ್ಲೆ ಮೀನಿನ ಎಣ್ಣೆ. ಉಳಿದವರೆಲ್ಲ ಸೆರಗನ್ನೋ ಕರವಸ್ತ್ರವನ್ನೋ ಮೂಗಿಗೆ ಹಿಡಿದು ದಾಟುತ್ತಿದ್ದಲ್ಲಿ ನಾನು ಹಲಗೆಯನ್ನು ಕಂಕುಳಲ್ಲಿ ಅವಚಿಕೊಂಡು ನಿಂತುಬಿಟ್ಟೆ.

"ಎಂತ ತಂಗೀ, ದೋಣಿ ಬೇಕಾಗಿತ್ತಾ?" ಎಂದು ಮುದುಕರು ತಮಾಷೆ ಮಾಡಿದರು.

ದೋಣಿ ಬೇಡವಾಗಿತ್ತು. ನನಗೆ ಬೇಕಾಗಿದ್ದದ್ದು ನಾಲ್ಕು ಮಳೆಗಾಲದ ಹಿಂದಿನ ಎರಡು ತಿಂಗಳು. ಅದನ್ನು ಅವರ ಹತ್ತಿರ ಕೇಳಿ ಪ್ರಯೋಜನವಿರಲಿಲ್ಲ.

ನಾನು ಹಿಲ್ಲೂರಿನವಳು. ಅಂಕೋಲೆಯಿಂದ ಒಳಕ್ಕೆ, ಕಾಡು ಹತ್ತಿರವಾಗಿ ಸಮುದ್ರ ದೂರವಾಗುವ ಊರು. ಮದುವೆಗೆ ಮೊದಲು ಸಮುದ್ರವನ್ನು ನಾನು ನೋಡಿದ್ದು ಹೆಚ್ಚಾಗಿ ಬಸ್ಸಿನ ಕಿಟಕಿಯಿಂದ. ಅಂಕೋಲೆ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ, ಬ್ಯಾನರು, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವನ್ನೂ ಒಂದೇ ಭಕ್ತಿಯಿಂದ ಮಾಡುತ್ತಿದ್ದೆ. ಬೋಟಿಗೆ ಅಂಟಿಸುವ ಹೆಸರು ಮಾಡಿಸಲು ಬಂದವರು ಇವರು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬುದು ನನ್ನ ಅತ್ತೆಯ ಶಾಸ್ತ್ರ. ಬರೆಯಬಾರದೆಂದು ಅವರು ಹೇಳಿಲ್ಲ. ಉಮಾಕಾಂತ. ಆಗ ಬೋಟಿನ ಎಂಜಿನ್ ನೋಡಿಕೊಳ್ಳುವ ಡ್ರೈವರ್, ಈಗಲೂ ಅದೇ. ಒಂದು ದೀರ್ಘ ಸರಿಯಿಲ್ಲ, ಒಂದು ಬಣ್ಣ ಸರಿಯಿಲ್ಲ ಎಂದು ನಾಲ್ಕು ದಿನ ಅಂಗಡಿಗೆ ಬಂದರು. ಐದನೆಯ ದಿನ ಎಲ್ಲ ಸರಿಯಿದ್ದಾಗಲೂ ಬಂದರು. ನಮ್ಮ ಮನೆಯವರು ಒಂದು ವರ್ಷ ಮಾತು ಬಿಟ್ಟರು, ಮತ್ತೆ ಬಂಗಡೆ ಸಾರಿನ ರುಚಿಗೆ ಸೋತು ಬಂದು ಹೋಗಲು ಶುರು ಮಾಡಿದರು.

ಬೊಬ್ರುವಾಡದಲ್ಲಿ ನಮ್ಮ ಮನೆ. ಮನೆಯಲ್ಲಿ ಇವರು, ನಾನು, ಅತ್ತೆ. ಅತ್ತೆಯನ್ನು ನಾನೂ ಆಯಿ ಎಂದೇ ಕರೆಯುವುದು. ಮೂವರು ಎಂದು ಹೇಳುವುದು ಲೆಕ್ಕಕ್ಕೆ. ವರ್ಷದಲ್ಲಿ ಹತ್ತು ತಿಂಗಳು ನಾವು ಇಬ್ಬರೇ. ಜೂನ್ ಜುಲೈ, ಮೀನು ಹಿಡಿಯುವುದು ಬಂದ್ ಆದ ಎರಡು ತಿಂಗಳು ಮಾತ್ರ ಇವರು ಮನೆಯ ಮನುಷ್ಯ. ಉಳಿದಂತೆ ಬಂದರೆ ಒಂದು ರಾತ್ರಿ, ಹೆಚ್ಚೆಂದರೆ ಎರಡು. ಒಗೆದ ಅಂಗಿ ಒಣಗುವ ಮೊದಲೇ ಹೊರಟುಬಿಡುತ್ತಿದ್ದರು.

ಆ ವರ್ಷ ಮೇ ತಿಂಗಳ ಕೊನೆಗೆ ಗಾಳಿ ಎದ್ದಾಗ ಇವರ ಬೋಟಿನ ಎಂಜಿನ್ ನಿಂತಿತು. ಎರಡು ದಿನ ಬೋಟು ಅಲೆ ಎಳೆದತ್ತ ಹೋಗಿದೆ. ಇಲ್ಲಿ ನಮಗೆ ಸುದ್ದಿಯಿಲ್ಲ, ಫೋನ್ ಇಲ್ಲ. ಆಯಿ ಅಂಗಳದಲ್ಲಿ ಸಮುದ್ರದ ಕಡೆ ಬೆನ್ನು ಹಾಕಿ ಕೂತವರು ಎದ್ದು ಊಟಕ್ಕೂ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಇನ್ನೊಂದು ಬೋಟಿನವರು ಎಳೆದು ತಂದರು. ಇವರು ಮನೆಗೆ ಬಂದು, ಸ್ನಾನ ಮಾಡಿ, ಗಂಜಿ ಉಂಡು, "ಉಪ್ಪು ಸ್ವಲ್ಪ ಕಮ್ಮಿ ಅದೆ" ಎಂದರು. ನನಗೆ ತಡೆಯಲಾಗಲಿಲ್ಲ. ಬಟ್ಟಲು ಎತ್ತಿಟ್ಟು ಗೋಳೋ ಎಂದು ಅತ್ತುಬಿಟ್ಟೆ.

"ಇನ್ನು ಹೋಗೂದು ಬೇಡ. ನಂಗೆ ನೀವು ಬೇಕು. ಮೀನು ಬೇಕಾದ್ರೆ ಪೇಟೆಲಿ ತಕಂತೆ."

ಇವರು ಕೈ ತೊಳೆದು ಬಂದು, "ಹಾಂಗಾದ್ರೆ ಮಿಷಿನು ನಮ್ಮ ಹೊಟ್ಟೆಗೆ ಹಾಕ್ಬೇಕು. ಬೋಟು ಇಳ್ಸೂ ನಾರಳಿ ಹುಣ್ಣಿಮೆ ಒಳಗೆ ಅದು ಸಮ ಕೆಲಸ ಕೊಟ್ರೆ ನಾನು ಬೋಟು ಹತ್ತೂದಿಲ್ಲ. ಮಾತು" ಎಂದರು.

ಮಿಷಿನು ಎಂದರೆ ಮನೆಗೆ ತಾಗಿದ, ಬಲೆ ಇಡುವ ಮಾಡಿನಲ್ಲಿ ಇವರು ಎರಡು ಮಳೆಗಾಲ ಕೂತು ಕಟ್ಟಿದ ಸಿಎನ್‌ಸಿ ರೂಟರ್. ಐಟಿಐ ಓದಿದ ಕೈ, ಫೋನಿನಲ್ಲಿ ನೋಡಿದ ವೀಡಿಯೋ, ಕೊರಿಯರಿನಲ್ಲಿ ಬಂದ ಮೋಟರು, ಎಲ್ಲ ಸೇರಿ ಹುಟ್ಟಿದ್ದು. ಒಂದು ಉದ್ದ ಮೇಜು, ಅದರ ಮೇಲೆ ಅಡ್ಡಲಾಗಿ ಒಂದು ಸೇತುವೆ. ಸೇತುವೆ ಹಿಂದೆ ಮುಂದೆ ಓಡುತ್ತದೆ, ಅದರ ಮೇಲೆ ಕಟರ್ ಎಡಕ್ಕೂ ಬಲಕ್ಕೂ ಓಡಿ, ಬೇಕಾದಲ್ಲಿ ಕೆಳಗಿಳಿದು ಮರ ಕೊರೆಯುತ್ತದೆ. ನಾನು ಕಂಪ್ಯೂಟರಿನಲ್ಲಿ ಎಳೆದ ಗೆರೆಯನ್ನೇ ಅದು ಮರದ ಮೇಲೆ ಎಳೆಯಬೇಕು. ಎಳೆಯುತ್ತಿತ್ತು ಕೂಡ, ತನಗೆ ತೋಚಿದಂತೆ. ನಾನು ವೃತ್ತ ಕೊಟ್ಟರೆ ಅದು ಕೋಳಿಮೊಟ್ಟೆ ಮಾಡಿ ಕೊಡುತ್ತಿತ್ತು.

ಅದರ ಚೌಕಟ್ಟು ಮಾತ್ರ ಕೊರಿಯರಿನಲ್ಲಿ ಬಂದದ್ದಲ್ಲ. ತೀರಿಹೋದ ನನ್ನ ಮಾವನ ದೋಣಿಯನ್ನು ಒಡೆದಾಗ ಉಳಿದ ಹೆಬ್ಬಲಸಿನ ಹಲಗೆಗಳು ಮಾಡಿನ ಮೂಲೆಯಲ್ಲಿದ್ದವು. ಇವರು ಅದರಿಂದಲೇ ಮೇಜು, ಕಾಲು, ಸೇತುವೆ ಎಲ್ಲವನ್ನೂ ಮಾಡಿದ್ದರು. "ಕಬ್ಬಿಣದ್ದು ಮಾಡ್ಬಹುದಿತ್ತಲ್ಲ?" ಎಂದು ಕೇಳಿದ್ದಕ್ಕೆ, "ಮೂವತ್ತು ವರ್ಷ ಸಮುದ್ರದ ನೀರು ಕುಡದ ಮರ. ಮಳೆಗೆ ಹೆದರ್ತದಾ ಅದು?" ಎಂದಿದ್ದರು. ಕಾಡಿನ ಊರಿನವಳಾದ ನನಗೂ ಮಾತು ಸರಿಯೆನ್ನಿಸಿತ್ತು. ಸಮುದ್ರಕ್ಕೇ ಜಗ್ಗದ ಮರ ನಮ್ಮ ಮಾಡಿನೊಳಗೆ ಏಕೆ ಜಗ್ಗಬೇಕು?

ಜೂನ್ ಹಿಡಿದ ಮಳೆ ಆ ವರ್ಷ ಬಿಡಲೇ ಇಲ್ಲ. ದಿನಾ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಮಿಷಿನು ನಿಲ್ಲುತ್ತಿತ್ತು. ಬೇರೆ ಮನೆಗಳಲ್ಲಿ ಕರೆಂಟಿನವರಿಗೆ ಶಾಪ ಹಾಕುತ್ತಿದ್ದ ಹೊತ್ತಿನಲ್ಲಿ ನಾನು ಚಹಾಕ್ಕೆ ನೀರಿಡುತ್ತಿದ್ದೆ. ಏಕೆಂದರೆ ಕರೆಂಟು ಹೋದರೆ ಇವರು ಕೈ ಒರೆಸಿಕೊಂಡು ಬಲೆಯ ರಾಶಿಗೆ ಒರಗಿ ಕೂರುವರು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಮೊಣಕಾಲ ಮೇಲಿಟ್ಟುಕೊಳ್ಳುವರು, "ಹ್ಞೂ, ಹೇಳು. ಇದ್ಕೆ ಇನ್ನೆಂತ ಹಾಕುವಾ?" ಎನ್ನುವರು. ನಮ್ಮ ಪಟ್ಟಿ ಶುರುವಾಗುತ್ತಿತ್ತು.

ಮದುವೆಯಾಗಿ ಏಳು ವರ್ಷವಾಗಿದ್ದರೂ ನಾವಿಬ್ಬರು ಹಾಗೆ ಮುಖ ನೋಡಿ ಕೂತು ಮಾತಾಡಿದ್ದು ಅದೇ ಮೊದಲು. ಗಂಡ ಹೆಂಡತಿ ಕೂತು ಮಾತಾಡಲು ಒಂದು ವಿಷಯ ಬೇಕಾಗುತ್ತದೆ ಎಂಬುದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ. ಸೇತುವೆಯನ್ನು ಎಳೆಯುವ ರಬ್ಬರಿನ ಬೆಲ್ಟು ತೆಗೆದು ಉದ್ದ ಸ್ಕ್ರೂ ಹಾಕಬೇಕು ಎಂದು ಇವರು. ಅದಕ್ಕಿಂತ ಮೊದಲು ಧೂಳು ಹೀರುವ ಪೈಪು ಹಾಕಬೇಕು, ನನ್ನ ಕಂಪ್ಯೂಟರಿನ ಹೊಟ್ಟೆಯ ತುಂಬ ಮರದ ಹುಡಿ ಎಂದು ನಾನು. ಕೈಯಲ್ಲಿ ಹಿಡಿಯುವ ರೂಟರನ್ನೇ ಕಟ್ಟಿ ನಡೆಸುತ್ತಿದ್ದೆವು. ಅದನ್ನು ತೆಗೆದು, ಕಟರ್ ತಿರುಗಿಸಲೆಂದೇ ಮಾಡಿದ ನಿಜವಾದ ಸ್ಪಿಂಡಲ್ ಹಾಕಬೇಕು ಎಂದು ಇಬ್ಬರೂ. ಸೇತುವೆ ಮಿತಿ ಮೀರಿ ಓಡಿ ಗೋಡೆಗೆ ಗುದ್ದದಂತೆ ತುದಿಯಲ್ಲೊಂದು ಸ್ವಿಚ್ಚು. ಕರೆಂಟು ಹೋದರೂ ನಿಲ್ಲದಂತೆ ಇನ್ವರ್ಟರ್. ಪ್ರತಿಯೊಂದಕ್ಕೂ ಇವರು ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದರು. ಇಂಜಿನಿಯರ್ ಬರೆದಂತೆ ಚೆಂದವಿರುತ್ತಿತ್ತು ಆ ಚಿತ್ರ. ಅಕ್ಷರ ಮಾತ್ರ ಏಡಿ ನಡೆದ ಹೆಜ್ಜೆ. ನಾನು ನಗುತ್ತಿದ್ದೆ, ಅವರು ಪೆನ್ಸಿಲಿನಿಂದ ನನ್ನ ಮೂಗಿಗೆ ಕುಟ್ಟುತ್ತಿದ್ದರು.

ಆಯಿ ಬಾಗಿಲಲ್ಲಿ ನಿಂತು ಒಣಮೀನಿನ ತಟ್ಟೆ ಅಲುಗಿಸುತ್ತ, "ಕುಣೂಕೆ ಬರದವ್ಳು ನೆಲ ಡೊಂಕು ಅಂದ್ಲಂತೆ. ನಿಮ್ಮ ಮಿಷಿನಿಗೆ ಗೆರೆ ಎಳೂಕೆ ಬರೂದಿಲ್ಲ, ನೀವು ಬೆಲ್ಟು ಡೊಂಕು, ಮೋಟರ್ ಡೊಂಕು ಅಂತ್ರಿ" ಎಂದು ಹೋಗುತ್ತಿದ್ದರು.

ಜೂನ್ ನಡುವಿಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ಕಾರವಾರದ ಪೂಜಾ ಸಾಮಾನಿನ ಅಂಗಡಿಯವರೊಬ್ಬರು ಚೌತಿಗೆ ಮಾರಲು ಗಣಪತಿಯ ಹಿಂದೆ ನಿಲ್ಲಿಸುವ ಪ್ರಭಾವಳಿ, ಹಲಸಿನ ಮರದಲ್ಲಿ, ಹನ್ನೆರಡು ಬೇಕು ಎಂದರು. ಚೆನ್ನಾಗಿ ಬಂದರೆ ವರ್ಷವಿಡೀ ದೇವರ ಮಂಟಪದ ಕೆಲಸ ಕೊಡುವುದಾಗಿ ಹೇಳಿದರು. ನನ್ನ ಪಾಲಿಗೆ ಅದು ಹನ್ನೆರಡು ಪ್ರಭಾವಳಿಯಲ್ಲ, ನನ್ನ ಗಂಡ. ಅದು ಸರಿಯಾದರೆ ಇವರು ಮನೆಯಲ್ಲಿ, ಕೆಟ್ಟರೆ ಸಮುದ್ರದಲ್ಲಿ.

ಮೊದಲು ಮೂರು ಮಾಡಿ ಇಬ್ಬರೂ ಬಸ್ಸು ಹತ್ತಿ ಕಾರವಾರಕ್ಕೆ ಹೋದೆವು. ಅಂಗಡಿಯವರು ಕಾಗದ ಬಿಚ್ಚಿದರು. ಒಂದನ್ನು ಎತ್ತಿ ಗೋಡೆಗೆ ಹಿಡಿದರು. ಕಮಾನಿನ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ. ಬಸ್ಸಿನಲ್ಲಿ ನಿದ್ದೆ ಬಂದವರ ತಲೆಯಂತೆ ಒಂದು ಬದಿಗೆ ಓಲಿತ್ತು. ಅದನ್ನು ನಾವು ಅರ ಹಿಡಿದು ಉಜ್ಜಿ ಮುಚ್ಚಿದ್ದೆವು, ಅವರ ಕಣ್ಣು ಬಿಡಲಿಲ್ಲ. ಆಮೇಲೆ ಅವರ ಮೂಗು ಹಿಗ್ಗಿತು. ಹಲಗೆಯನ್ನು ಹತ್ತಿರ ತಂದು ಮೂಸಿದರು.

"ಎಂತದಿದು? ಗಣಪತಿ ಹಿಂದೆ ಇಡೂ ಸಾಮಾನಿಗೆ ತಾರ್ಲೆ ವಾಸ್ನೆ ಬತ್ತದಲ್ಲ!"

ನಾವಿಬ್ಬರೂ ಮೂಸಿದೆವು. ನಮಗೆ ಏನೂ ಬರಲಿಲ್ಲ. ಅಂಗಡಿಯವರು ಪಕ್ಕದವರನ್ನು ಕರೆದು ಮೂಸಿಸಿದರು; ಅವರು ದೇವರಾಣೆ ಮಾಡಿ ಮೀನೇ ಎಂದರು. ಮೇಜಿನ ಮೇಲೆ ಮರಕ್ಕೆ ಆಸರೆಯಾಗಿ, ಕಟರ್ ಕೆಳಗಿಳಿದರೆ ಕೊರೆಸಿಕೊಳ್ಳಲಿ ಎಂದು ಹಾಸಿದ್ದೂ ಅದೇ ದೋಣಿಯ ಹಲಗೆಯೇ. ಮೂವತ್ತು ವರ್ಷ ಎಣ್ಣೆ ಕುಡಿದದ್ದು. ಕಟರ್ ಬಿಸಿಯಾಗಿ ಕೊರೆದಾಗಲೆಲ್ಲ ಅದು ತನ್ನ ಎಣ್ಣೆಯನ್ನು ಬಿಟ್ಟುಕೊಟ್ಟಿದೆ, ಹಲಸಿನ ಮರ ಕುಡಿದುಕೊಂಡಿದೆ. ಮೀನಿನ ಮನೆಯಲ್ಲಿ ಏಳು ವರ್ಷ ಇದ್ದ ನನ್ನ ಮೂಗಿಗೂ ಅದು ವಾಸನೆಯೇ ಆಗಿರಲಿಲ್ಲ. ಅಂಗಡಿಯವರು ಒಳ್ಳೆಯ ಮನುಷ್ಯರು, ಜುಲೈ ಕೊನೆಯ ತನಕ ಸಮಯ ಕೊಟ್ಟರು. ಹಿಂದಿರುಗುವ ಬಸ್ಸಿನಲ್ಲಿ ನನಗೆ ಅಳು, ಇವರಿಗೆ ನಗು. ಬಿಣಗಾ ದಾಟುವ ಹೊತ್ತಿಗೆ ನನಗೂ ನಗು ಬಂದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಬಸ್ಸಿನ ಸೀಟು ಈಗಲೂ ನನಗೆ ನೆನಪಿದೆ, ಎಡಗಡೆ, ಚಾಲಕನಿಂದ ನಾಲ್ಕನೆಯದು.

ಹಾಸಿದ ಹಲಗೆ ತೆಗೆದು ಪ್ಲೈವುಡ್ ಹಾಕಿದೆವು, ವಾಸನೆ ಹೋಯಿತು. ಓಲುವುದು ಹೋಗಲಿಲ್ಲ. ಇವರು ಬೆಲ್ಟು ಬಿಗಿದರು, ಮೋಟರ್ ಬಿಚ್ಚಿ ಕೂರಿಸಿದರು, ಪಟ್ಟಿಗೆ ಇನ್ನೂ ನಾಲ್ಕು ಸಾಲು ಸೇರಿಸಿದರು. ನಾನು ಬೇರೊಂದು ದಾರಿ ಹಿಡಿದೆ. ದಿನಾ ಬೆಳಿಗ್ಗೆ ಟೇಪು ಹಿಡಿದು ಮೇಜಿನ ಮೂಲೆಯಿಂದ ಎದುರು ಮೂಲೆಗೆ, ಆ ಕಡೆಯದೊಂದು ಈ ಕಡೆಯದೊಂದು, ಅಳೆಯುತ್ತಿದ್ದೆ. ಮೇಜಿನ ನಾಲ್ಕೂ ಮೂಲೆ ಸರಿಯಾಗಿದ್ದರೆ ಎರಡೂ ಸಮ ಇರಬೇಕು. ಇರುತ್ತಿರಲಿಲ್ಲ. ವಿಚಿತ್ರವೆಂದರೆ ವ್ಯತ್ಯಾಸ ದಿನಕ್ಕೊಂದು ಬಗೆ. ಮಳೆ ಹೊಯ್ದ ಮರುದಿನ ಹೆಚ್ಚು, ಎರಡು ದಿನ ಹೊಳವಾದರೆ ಕಡಿಮೆ. ಕಾರಣ ತಿಳಿಯಲಿಲ್ಲ. ಆದರೆ ಅದು ಎಷ್ಟು ಓಲುತ್ತದೆ ಎಂದು ಬೆಳಿಗ್ಗೆಯೇ ಗೊತ್ತಾದರೆ ನನಗಷ್ಟೇ ಸಾಕು ಎಂದು ಒಂದು ದಿನ ತಲೆಗೆ ಹೊಳೆಯಿತು. ಮಿಷಿನು ಬಲಕ್ಕೆ ಓಲುವುದಾದರೆ ನಾನು ಅಷ್ಟೇ ಎಡಕ್ಕೆ ಓಲಿಸಿ ಚಿತ್ರ ಬರೆದು ಕೊಟ್ಟರಾಯಿತು! ಅಂದಿನ ಅಳತೆ ತೆಗೆದು, ಪ್ರಭಾವಳಿಯನ್ನು ಬೇಕೆಂದೇ ಸೊಟ್ಟ ಮಾಡಿ ಕೊಟ್ಟೆ. ಮಿಷಿನು ಅದನ್ನು ನೆಟ್ಟಗೆ ಕೊರೆಯಿತು. ಎರಡು ಭುಜವೂ ಸಮ.

ನಾನು ಕೂಗಿದ ಕೂಗಿಗೆ ಆಯಿ ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ಇವರು ಕಮಾನಿನ ಮೇಲೆ ಬೆರಳಾಡಿಸಿ, "ನೀನು ಭಾರಿ ಮನ್ಷಿ ಮಾರಾಯ್ತಿ" ಎಂದರು. ನಕ್ಕರು. ಆ ನಗೆಯಲ್ಲಿ ಏನೋ ಒಂದು ಕಡಿಮೆಯಿತ್ತು, ನಾನು ಅದನ್ನು ಸುಸ್ತು ಎಂದುಕೊಂಡೆ.

ಹನ್ನೆರಡೂ ಮುಗಿದವು, ಅಂಗಡಿಯವರು ಮೂಸಿ ನೋಡಿ ತೆಗೆದುಕೊಂಡರು, ಮಂಟಪದ ಕೆಲಸದ ಮಾತೂ ಗಟ್ಟಿಯಾಯಿತು. ನಾನು ಗೆದ್ದಿದ್ದೆ. ಆ ವಾರ ನಾನು ಪೇಟೆಯಿಂದ ಇವರಿಗೆ ಎರಡು ಮನೆಯಂಗಿ ತಂದೆ, ದಿನಾ ಮನೆಯಲ್ಲಿರುವ ಗಂಡಸಿಗೆ ಬೇಕಾಗುತ್ತದೆ ಎಂದು. ಇತ್ತ ದಡದಲ್ಲಿ ಬೋಟುಗಳಿಗೆ ಬಣ್ಣ ಬಳಿಯುವುದು, ಬಲೆ ಏರಿಸುವುದು ಶುರುವಾಗಿತ್ತು. ಇವರ ಬೋಟಿನ ಮುಖ್ಯಸ್ಥ, ತಾಂಡೇಲ ನಾರಾಯಣಣ್ಣ ಎರಡು ಸಲ ಫೋನ್ ಮಾಡಿ, "ಬೇರೆ ಡ್ರೈವರ್ ನೋಡ್ಲಾ ಹೆಂಗೆ?" ಎಂದು ಕೇಳಿದರು. "ನೋಡಿ" ಎಂದರು ಇವರು. ಫೋನ್ ಇಟ್ಟು ಸಮುದ್ರದ ಕಡೆ ನಡೆದು ಹೋಗಿ, ಸಂಜೆ ಮೊಣಕಾಲ ತನಕ ಒದ್ದೆಯಾಗಿ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ "ಇಲ್ಲೇ" ಎಂದರು.

ಮರುದಿನ ಆಯಿಯ ಜೊತೆ ದಡಕ್ಕೆ ಹೋಗಿದ್ದೆ. ಎರಡು ತಿಂಗಳು ಮೇಲಿದ್ದ ಮರದ ದೋಣಿಯೊಂದನ್ನು ನೀರಿಗೆ ಇಳಿಸಿದ್ದರು. ಇಳಿಸಿದ್ದೇ ತಡ ಒಳಗೆ ನೀರು. ಇಬ್ಬರು ಡಬ್ಬಿ ಹಿಡಿದು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. "ಅಯ್ಯೋ, ಒಡೆದು ಹೋಗಿದೆಯಲ್ಲ!" ಎಂದೆ.

ಆಯಿ ನಕ್ಕರು. "ಒಡೂದೆಂತಕ್ಕೆ? ನೀರಿನ ಮರ ದಡಕ್ಕೆ ಬಂದ್ರೆ ಹಾಂಗೇ ಗೋ. ನೀರಲ್ಲಿ ಇದ್ದಷ್ಟು ದಿನ ಉಬ್ಬಿ ಗಟ್ಟಿ ಇರ್ತದೆ. ಮೇಲೆ ತಂದು ಇಟ್ರೆ ಒಂದಿನ ಒಣಗ್ತದೆ, ಒಂದಿನ ನೆನೀತದೆ, ಹಲಗೆ ಹಲಗೆ ಬಾಯಿ ಬಿಡ್ತದೆ. ನಾಲ್ಕು ದಿನ ನೀರು ಕುಡೀಲಿ, ತನ್ನಷ್ಟಕ್ಕೆ ಬಾಯಿ ಮುಚ್ಕಂತದೆ. ಮೀನು ಹಿಡೂ ಮನೆಲಿ ಸಣ್ಣ ಮಕ್ಕಳಿಗೂ ಗೊತ್ತದೆ ಇದು."

ನಾನು ಮನೆಗೆ ಓಡಿದೆ. ಇವರು ಮಾಡಿನಲ್ಲಿ ಮಿಷಿನಿಗೆ ಎಣ್ಣೆ ಬಿಡುತ್ತಿದ್ದರು. ಬೆಲ್ಟು ಅಲ್ಲ, ಮೋಟರ್ ಅಲ್ಲ, ಚೌಕಟ್ಟು! ಆ ಮರ ಇಷ್ಟು ದಿನ ಉಬ್ಬುತ್ತಿದೆ, ಕುಗ್ಗುತ್ತಿದೆ, ಬಿಣಗಾದ ಹೆದ್ದಾರಿ ಬದಿಯಲ್ಲಿ ಲೇತ್ ಅಂಗಡಿಯಿದೆ, ಕಬ್ಬಿಣದ ಚೌಕಟ್ಟು ಮಾಡಿಸೋಣ, ಪಟ್ಟಿ ತನ್ನಿ, ಎಲ್ಲಕ್ಕಿಂತ ಮೇಲೆ ಬರೆಯಿರಿ ಎಂದು ಒಂದೇ ಉಸಿರಿಗೆ ಹೇಳಿದೆ.

ಇವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. "ಗೊತ್ತದೆ" ಎಂದರು.

"ಯಾವಾಗಿಂದ?"

"ಜೂನ್ ಮೊದಲ ಮಳೆಯಿಂದ."

ಸಣ್ಣ ಮಕ್ಕಳಿಗೂ ಗೊತ್ತಿರುವುದು ಹುಟ್ಟಿದಂದಿನಿಂದ ದೋಣಿ ಕಂಡ ಈ ಮನುಷ್ಯನಿಗೆ ಗೊತ್ತಿರದೆ ಹೇಗೆ ಎಂದು ಆಗ ಹೊಳೆಯಿತು. "ಮತ್ತೆ ಪಟ್ಟಿಯಲ್ಲಿ ಯಾಕೆ ಬರೀಲಿಲ್ಲ?" ಎಂದೆ.

"ಬರದ್ರೆ ಮಾಡ್ಬೇಕಲ್ಲ, ಶೈಲಾ. ಮಾಡಿದ್ರೆ ಅದು ಸಮ ಆತದೆ. ಸಮ ಆದ್ಮೇಲೆ ನಂಗೆ ಹೋಗೂಕೆ ಕಾರಣ ಎಂತ ಉಳೀತದೆ?"

ನನಗೆ ಸಿಟ್ಟು ತಲೆಗೇರಿತು. "ಎರಡು ತಿಂಗಳು ನನ್ನ ಕೂರಿಸಿಕೊಂಡು ಆಟ ಆಡ್ಸಿದ್ರಾ?"

"ಆಟ ಅಲ್ಲ. ನಿನ್ನ ಸಂಗಡ ಕೂತು ಆ ಪಟ್ಟಿ ಮಾಡೂದು ನಂಗೂ ಬೇಕಾಗಿತ್ತು. ಇಷ್ಟು ಖುಷಿಲಿ ನಾ ಯಾವಾಗ್ಲೂ ಇರ್ಲಿಲ್ಲ. ಆದ್ರೆ ದಡದ ಮೇಲೆ ಇರೂಕೆ ಆತಿಲ್ಲ ಮಾರಾಯ್ತಿ. ರಾತ್ರಿ ನಿದ್ದೆ ಹತ್ತೂದಿಲ್ಲ, ನೆಲ ಅಲುಗೂದಿಲ್ಲ ಅಂತ." ಎಣ್ಣೆಯ ಡಬ್ಬಿಯನ್ನು ಮತ್ತೆ ಎತ್ತಿಕೊಂಡು, "ಮಾತು ಕೊಟ್ಟಾಯ್ತು. ನೀ ಗೆದ್ದೆ. ನಾ ಹೋಗೂದಿಲ್ಲ" ಎಂದರು.

ಅವರು ನಿಜವಾಗಿಯೂ ಹೋಗುತ್ತಿರಲಿಲ್ಲ. ಅದೇ ಕಷ್ಟ. ಕೊಟ್ಟ ಮಾತು ಮುರಿಯುವವರಾಗಿದ್ದರೆ ನಾನು ಬೈದು, ಅತ್ತು, ತವರಿಗೆ ಹೋಗಿ, ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇವರು ನಾನು ತಂದ ಮನೆಯಂಗಿ ಹಾಕಿಕೊಂಡು, ಬೆಳಿಗ್ಗೆ ಮಿಷಿನು ಒರೆಸಿ, ಮಧ್ಯಾಹ್ನ ಉಂಡು, ಬೋಟುಗಳ ಸದ್ದು ಬಂದರೆ ರೇಡಿಯೋ ದೊಡ್ಡದು ಮಾಡುತ್ತಿದ್ದರು. ನಾನು ಏರಿಗೆಳೆಯುತ್ತೇನೆ, ಅವರು ನೀರಿಗೆಳೆಯುತ್ತಾರೆ ಎಂದಾದರೂ ಇದ್ದಿದ್ದರೆ ಜಗ್ಗಾಡಬಹುದಿತ್ತು. ಅವರು ಎಳೆಯುವುದನ್ನೇ ಬಿಟ್ಟಿದ್ದರು. ಪಟ್ಟಿಯ ಹಾಳೆ ಮೊಳೆಗೆ ಸಿಕ್ಕಿಸಿದಲ್ಲೇ ಇತ್ತು, ಯಾರೂ ತೆಗೆಯಲಿಲ್ಲ. ಹತ್ತು ದಿನ ನೋಡಿದೆ. ಮನೆಯಲ್ಲಿ ಗಂಡ ಇದ್ದರು, ಆದರೆ ನನಗೆ ಬೇಕಾದ ಮನುಷ್ಯ ಆ ಮನೆಯಂಗಿಯೊಳಗೆ ಇರಲಿಲ್ಲ.

ನಾರಳಿ ಹುಣ್ಣಿಮೆಯ ದಿನ ದಡದಲ್ಲಿ ಎಲ್ಲರೂ ಸೇರಿದ್ದರು. ಸಮುದ್ರಕ್ಕೆ ಕಾಯಿ ಬಿಟ್ಟು, ಕೈ ಮುಗಿದು, ಬೋಟು ಹತ್ತುವ ದಿನ ಅದು. ಇವರು ಹಿಂದೆ, ತೆಂಗಿನ ಮರದ ಬುಡದಲ್ಲಿ ನಿಂತಿದ್ದರು, ನೆಂಟರ ಮನೆಗೆ ಬಂದವರಂತೆ. ನಾನು ಮನೆಯಿಂದ ಕುಂಕುಮ ಹಚ್ಚಿ ತಂದಿದ್ದ ಕಾಯಿಯನ್ನು ಅವರ ಕೈಯಲ್ಲಿಟ್ಟೆ.

"ಹೋಗಿ ಬಿಟ್ಟು ಬನ್ನಿ. ಚೀಲ ತುಂಬಿಸಿಟ್ಟಿದ್ದೇನೆ. ನಾರಾಯಣಣ್ಣನಿಗೆ ನಾನೇ ಫೋನ್ ಮಾಡಿದೆ, ಬೇರೆ ಡ್ರೈವರ್ ಸಿಕ್ಕಿಲ್ಲವಂತೆ."

ಇವರು ಕಾಯಿ ಹಿಡಿದು ನನ್ನ ಮುಖವನ್ನೇ ನೋಡಿದರು. ನೀರಿನ ಕಡೆ ತಿರುಗಿದರು. ಮೊದಲು ನಡೆದರು, ಆಮೇಲೆ ಓಡಿದರು. ಆ ಓಟ ನೋಡಿ ನನಗೆ ಸಂಕಟವೂ ಆಯಿತು, ಸಂತೋಷವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಈಗಲೂ ನನಗೆ ಹೇಳಲು ಬರುವುದಿಲ್ಲ. ಆಯಿ ನನ್ನ ಬೆನ್ನ ಮೇಲೆ ಕೈಯಿಟ್ಟು, "ನಡೆ, ಅನ್ನಕ್ಕೆ ಇಡ್ಬೇಕು" ಎಂದರು.

ಮಿಷಿನು ನನ್ನ ಪಾಲಿಗೆ ಉಳಿಯಿತು. ಆ ಮಳೆಗಾಲಕ್ಕೆ ರಜೆ ಹಾಕಿದ್ದ ಡಿಟಿಪಿ ಅಂಗಡಿಯನ್ನು ಪೂರ್ತಿ ಬಿಟ್ಟೆ. ಮುಂದಿನ ಮಳೆಗಾಲಕ್ಕೆ ಮೊದಲು ಬಿಣಗಾದಲ್ಲಿ ಕಬ್ಬಿಣದ ಚೌಕಟ್ಟು ಮಾಡಿಸಿದೆ. ದೋಣಿಯ ಹಲಗೆಗಳನ್ನು ಆಯಿ ಎಣಿಸಿ ತೆಗೆದಿಟ್ಟರು. ಅದರ ಮುಂದಿನ ವರ್ಷ ಬೆಲ್ಟು ಹೋಗಿ ಸ್ಕ್ರೂ ಬಂತು, ತುದಿಯ ಸ್ವಿಚ್ಚು ಬಂತು. ಮೂರನೆಯ ವರ್ಷ ಸ್ಪಿಂಡಲ್, ಧೂಳಿನ ಪೈಪು, ಇನ್ವರ್ಟರ್. ಪಟ್ಟಿಯಲ್ಲಿ ಒಂದೊಂದೇ ಸಾಲು ಹೊಡೆದು ಹಾಕುವಾಗ ಇವರಿಗೆ ತೋರಿಸಬೇಕು ಎಂಬ ಆಸೆ. ಮಾಡಿ ಮುಗಿಸಿ, ನೋಡಿ ಎಂದು ನಿಲ್ಲಬೇಕು.

ಹೋದ ಜೂನಿನಲ್ಲಿ ಇವರು ಬಂದಾಗ ಎಲ್ಲ ಮುಗಿದಿತ್ತು. ಒಂದು ವೃತ್ತ ಕೊರೆದು ತೋರಿಸಿದೆ. ಇವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈ ಇಟ್ಟರು. "ಸಮ ಅದೆ. ಇನ್ನೆಂತ ಬೇಕು ಇದ್ಕೆ? ಎಂತದೂ ಬೇಡ" ಎಂದರು. ಮೆಚ್ಚುಗೆಯ ಮಾತೇ. ಅದಾದ ಮೇಲೆ ಎರಡು ತಿಂಗಳು ಉಳಿದ ಗಂಡಸರ ಜೊತೆ ದಡದಲ್ಲಿ ಬಲೆ ಹೊಲಿಯಲು ಹೋದರು. ಮಿಷಿನು ನಿಲ್ಲದೆ ಓಡಿತು, ಕರೆಂಟು ಹೋದಾಗಲೂ ಓಡಿತು. ನಾನು ಕೆಲಸದಲ್ಲಿದ್ದೇನೆ ಎಂದು ಇವರೇ ಚಹಾ ಮಾಡಿ ತಂದಿಟ್ಟು, ತೊಂದರೆ ಕೊಡಬಾರದೆಂದು ಮೆಲ್ಲಗೆ ಹೊರಗೆ ನಡೆಯುತ್ತಿದ್ದರು. ಬಲೆಯ ರಾಶಿಗೆ ಒರಗಿ ಕೂರುವ ಆ ಮಧ್ಯಾಹ್ನಗಳನ್ನು ನಾವೇ ಪಟ್ಟಿ ಮಾಡಿ, ನಾನೇ ಒಂದೊಂದಾಗಿ ಹೊಡೆದು ಹಾಕಿದ್ದೆ ಎಂದು ತಿಳಿದಾಗ ಆಗಸ್ಟ್ ಬಂದಿತ್ತು, ಇವರು ಹೊರಟಿದ್ದರು.

ನಿನ್ನೆ ಇವರ ಬೋಟು ಮಲ್ಪೆ ಬಂದರಿನಲ್ಲಿತ್ತು. ನಾನೇ ಫೋನ್ ಮಾಡಿದೆ.

"ಸ್ಪಿಂಡಲ್ ಎಂತದೋ ಸದ್ದು ಮಾಡ್ತದೆ" ಎಂದೆ.

"ಎಂತ ಸದ್ದು? ಗರ್ ಅಂತದಾ, ಕಿರ್ ಅಂತದಾ?"

"ಎರಡೂ."

"ಮರಕ್ಕೆ ಇಳಿದಾಗ ಮಾತ್ರವಾ, ಖಾಲಿ ಓಡಿದ್ರೂ ಅದೆಯಾ?" ಇವರ ದನಿ ಬದಲಾಗಿತ್ತು. ಯಾರಿಗೋ "ನೀ ಹೋಗು, ನಾ ಬತ್ತೆ" ಎಂದದ್ದು ಕೇಳಿಸಿತು. ಆಮೇಲೆ ಹತ್ತು ನಿಮಿಷ ಬೇರಿಂಗ್, ಬ್ರಾಕೆಟ್, ಸೇತುವೆಯ ಭಾರ, ಇನ್ನೂ ದಪ್ಪ ಪ್ಲೇಟು ಹಾಕಿದರೆ ಹೇಗೆ ಎಂದು ಕೇಳುತ್ತ ಹೋದರು. ನಾನು ಬಾಯಿಗೆ ಬಂದದ್ದು ಹೇಳುತ್ತ ಹೋದೆ.

"ನಾ ಬರೂತನ್ಕ ಮುಟ್ಬೇಡ, ತಿಳೀತಾ? ಇನ್ನೆಂಟು ದಿನ. ಒಂದು ಕಾಗದ ತೆಗದಿಡು. ಕೂತು ನೋಡುವಾ" ಎಂದರು.

"ನೋಡುವಾ" ಎಂದು ಫೋನ್ ಇಟ್ಟೆ.

ಮಿಷಿನಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆಯಿಂದ ಒಂದೇ ಹದದಲ್ಲಿ ಓಡುತ್ತಿದ್ದುದನ್ನು, ಅವರಿಗೆ ಕೇಳಿಸಬಾರದೆಂದು, ಫೋನ್ ಮಾಡುವ ಮೊದಲು ನಾನೇ ನಿಲ್ಲಿಸಿದ್ದೆ.